ಸರ್ವಿಸ್ ಆದ ಮೇಲೆ ಗಾಡಿ ಕಟಕಟ ಅಂದರೆ ಮೊದಲು ಬಿಲ್ ತೆಗೆದು ನೋಡಿ

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಲು 14 ತಿರುವು ದಾಟಬೇಕು. ನನಗೆ ಆ ಶಬ್ದ ಕೇಳಿಸಿದ್ದು ಮೂರನೆಯದರಲ್ಲಿ. ಮೂರನೇ ಗೇರಲ್ಲಿ ಎಕ್ಸಲೇಟರ್ ಕೊಟ್ಟೆ, ಟ್ಯಾಂಕಿನ ಕೆಳಗಿಂದ ಕಟಕಟಕಟ ಅಂತ ಶುರುವಾಯಿತು. ತಗಡಿನ ಡಬ್ಬಿಗೆ ನಾಲ್ಕು ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಎಕ್ಸಲೇಟರ್ ಬಿಟ್ಟೆ, ನಿಂತಿತು. ಕೊಟ್ಟೆ, ಮತ್ತೆ ಬಂತು. ಗಾಡಿ ಸರ್ವಿಸ್ ಆಗಿ ಎರಡೇ ದಿನ ಆಗಿತ್ತು.

ನಾನು ಔಷಧಿ ಕಂಪನಿಯ ರೆಪ್. ಮನೆ ತೀರ್ಥಹಳ್ಳಿ. ಕೊಪ್ಪ, ಶೃಂಗೇರಿ, ಹೆಬ್ರಿ ಅಂತ ವಾರವಿಡೀ ತಿರುಗಾಟ. ಗಾಡಿ 2014ರ ಪಲ್ಸರ್ 150, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವುದು, 70 ಸಾವಿರ ಕಿಲೋಮೀಟರ್ ದಾಟಿದೆ. ಸರ್ವಿಸ್ ಮಾಡಿದ ಗ್ಯಾರೇಜಿಗೇ ವಾಪಸ್ ಹೋದೆ. ಅಲ್ಲಿನವನು ಎರಡು ಸಲ ಎಕ್ಸಲೇಟರ್ ತಿರುಗಿಸಿ, ತಲೆ ಅಲ್ಲಾಡಿಸಿ, "ಸಾರ್, ಬೋರ್ ಹೋಗಿದೆ. ಇಂಜಿನ್ ಬಿಚ್ಚಲೇಬೇಕು" ಎಂದ. "ಮೊನ್ನೆ ತಂದಾಗ ಚೆನ್ನಾಗಿತ್ತಲ್ಲ ಮಾರಾಯ?" ಎಂದೆ. "ಹಳೇ ಗಾಡಿ ಅಲ್ವಾ ಸಾರ್" ಎಂದ.

ಡಾಕ್ಟರುಗಳ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು ಕಾಯುವುದೇ ನನ್ನ ಅರ್ಧ ಕೆಲಸ. ಒಳಗಿನ ಮಾತು ಕಿವಿಗೆ ಬೀಳುತ್ತದೆ. ಒಳ್ಳೆಯ ಡಾಕ್ಟರು ಸ್ಕ್ಯಾನಿಂಗ್ ಬರೆಯುವ ಮೊದಲು ಕೇಳುತ್ತಾರೆ: ಯಾವಾಗ ಶುರುವಾಯಿತು? ಯಾವಾಗ ಜಾಸ್ತಿ ಆಗುತ್ತೆ? ಅದಕ್ಕೆ ಮುಂಚೆ ಏನಾದರೂ ಹೊಸದು ತಿಂದಿರಾ? ಗಾಡಿಗೂ ಇದೇ ಮೂರು ಪ್ರಶ್ನೆ ಸಾಕು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಅದು ಸವೆಯುವುದು ನಿಧಾನಕ್ಕೆ, ತಿಂಗಳುಗಟ್ಟಲೆ. ಹೊಗೆ ಬರುತ್ತೆ, ಆಯಿಲ್ ಕಡಿಮೆ ಆಗುತ್ತೆ. ಸರ್ವಿಸ್ ಮುಗಿದ ಎರಡೇ ದಿನಕ್ಕೆ ಹುಟ್ಟಿದ ಶಬ್ದ ಅಂದರೆ, ಸರ್ವಿಸ್‌ನಲ್ಲಿ ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು. ಎಲ್ಲೆಲ್ಲಿ ಕೈ ಹಾಕಿದ್ದಾರೆ ಅಂತ ಬಿಲ್ಲಿನಲ್ಲೇ ಇರುತ್ತದೆ. ನನ್ನ ಬಿಲ್ಲಿನಲ್ಲಿ ಇದ್ದದ್ದು: ಆಯಿಲ್, ಏರ್ ಫಿಲ್ಟರ್, ಕಾರ್ಬುರೇಟರ್ ಕ್ಲೀನ್, ಪ್ಲಗ್ ಎರಡು, ಟ್ಯಾಪೆಟ್ ಸೆಟ್ಟಿಂಗ್, ಚೈನ್.

ಸ್ಪಾನರ್ ಎತ್ತುವ ಮುಂಚೆ ಶಬ್ದದ ಜಾತಿ ಯಾವುದು ಅಂತ ಗೊತ್ತಾಗಬೇಕು. ಜನ ಎಲ್ಲದಕ್ಕೂ ನಾಕಿಂಗ್ ಅನ್ನುತ್ತಾರೆ. ನಿಜವಾದ ನಾಕಿಂಗ್ ಬೇರೆ. ಪ್ಲಗ್ಗಿನ ಕಿಡಿಯಿಂದ ಹತ್ತಿದ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಅದು ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಕಾವಿಗೆ, ಒತ್ತಡಕ್ಕೆ ತಾನೇ ಹೊತ್ತಿಕೊಂಡರೆ ಆ ಏಟಿನ ಶಬ್ದವೇ ನಾಕಿಂಗ್. ಅದು ಲೋಡ್ ಬಿದ್ದಾಗ ಮಾತ್ರ ಬರುತ್ತದೆ: ಏರು, ಹಿಂದೆ ಒಬ್ಬರು, ದೊಡ್ಡ ಗೇರು, ಕಡಿಮೆ ಸ್ಪೀಡು. ಗಾಡಿ ನಿಲ್ಲಿಸಿಕೊಂಡು ಎಕ್ಸಲೇಟರ್ ತಿರುಗಿಸಿದರೆ ಸಾಮಾನ್ಯವಾಗಿ ಬರುವುದಿಲ್ಲ. ನನ್ನ ಗ್ಯಾರೇಜಿನವನು ನಿಂತಲ್ಲೇ ಕೇಳಿ ತೀರ್ಪು ಕೊಟ್ಟಿದ್ದ!

ನಿಂತಾಗಲೂ ಟಿಕ್ ಟಿಕ್ ಟಿಕ್ ಅಂತ ಹೊಲಿಗೆ ಮೆಷಿನ್ ಥರ ಮೇಲಿನಿಂದ ಬಂದರೆ ಟ್ಯಾಪೆಟ್, ಅಂದರೆ ವಾಲ್ವ್ ಒತ್ತಿ ತೆರೆಯುವ ಭಾಗದ ಸಂದು ಜಾಸ್ತಿ. ಬೆಳಗ್ಗೆ ತಣ್ಣಗಿದ್ದಾಗ ಟೊಕ್ ಟೊಕ್ ಅಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲ. ಸ್ಲೋ ಇದ್ದಾಗ ಬಂದು, ಕ್ಲಚ್ ಹಿಡಿದ ಕೂಡಲೇ ಶಬ್ದ ಬದಲಾದರೆ ಕ್ಲಚ್ ಕಡೆ ನೋಡಿ. ಎಕ್ಸಲೇಟರ್ ಬಿಟ್ಟಾಗ ಒಂದು ಬದಿಯಿಂದ ಗರಗರ ಅಂದರೆ ಇಂಜಿನ್ ಒಳಗೆ ವಾಲ್ವ್ ಓಡಿಸುವ ಟೈಮಿಂಗ್ ಚೈನ್ ಇರಬಹುದು. ಇನ್ನೊಂದಿದೆ. ಕೆಳಗಿನಿಂದ, ದಪ್ಪ ದನಿಯಲ್ಲಿ, ಒಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ, ಎಕ್ಸಲೇಟರ್ ಕೊಟ್ಟಷ್ಟೂ ಜೋರಾಗುವುದು. ಅದು ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್‌ನ ಬೇರಿಂಗ್. ಅದು ಕೇಳಿಸಿದರೆ ಅಲ್ಲೇ ಗಾಡಿ ಆಫ್ ಮಾಡಿ, ಟೆಂಪೋಗೆ ಹಾಕಿಸಿಕೊಂಡು ಹೋಗಿ. ಮನೆ ಎರಡೇ ಕಿಲೋಮೀಟರ್ ಅಂತ ಓಡಿಸಬೇಡಿ.

ಜಾಗ ಹಿಡಿಯಲು ಉದ್ದದ ಸ್ಕ್ರೂ ಡ್ರೈವರ್ ಸಾಕು. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಸ್ಲೋ ಓಡುತ್ತಿರಲಿ. ತುದಿಯನ್ನು ಇಂಜಿನ್ ಮೇಲೆ ಒತ್ತಿ ಹಿಡಿಕೆಗೆ ಕಿವಿ ಕೊಡಿ. ಹೆಡ್, ಬ್ಲಾಕ್, ಕ್ಲಚ್ ಕವರ್, ಒಂದೊಂದೇ ಕಡೆ. ತಿರುಗುವ ಭಾಗಕ್ಕೂ ಸೈಲೆನ್ಸರಿಗೂ ಮುಖ ದೂರ ಇರಲಿ. ನನ್ನ ಹತ್ತಿರ ಕಂಪನಿ ಕೊಟ್ಟ ಸ್ಟೆತಸ್ಕೋಪೇ ಇತ್ತು, ಅದನ್ನೂ ಇಟ್ಟು ನೋಡಿದೆ. ಸ್ಕ್ರೂ ಡ್ರೈವರೇ ವಾಸಿ.

ನಾನು ಕೇಳಿದಾಗ, ಗಾಡಿ ನಿಲ್ಲಿಸಿ ಇಂಜಿನ್ ಓಡಿಸಿದರೆ ಆ ಶಬ್ದ ಇರಲೇ ಇಲ್ಲ. ಲೋಡ್ ಬಿದ್ದಾಗ ಮಾತ್ರ ಕಟಕಟ. ಅಂದರೆ ನಿಜವಾದ ನಾಕಿಂಗ್. ಅನುಮಾನ ಇದ್ದವರಿಗೆ ಇನ್ನೊಂದು ಪರೀಕ್ಷೆ ಇದೆ: ಟ್ಯಾಂಕ್ ಖಾಲಿ ಆಗುತ್ತಾ ಬಂದಾಗ ಮಾಮೂಲಿಗಿಂತ ಜಾಸ್ತಿ ಆಕ್ಟೇನ್ ಇರುವ, ಅಂದರೆ ಅಷ್ಟು ಬೇಗ ತಾನೇ ಹೊತ್ತಿಕೊಳ್ಳದ ಪೆಟ್ರೋಲ್ ಎರಡು ಲೀಟರ್ ಹಾಕಿಸಿ, ಅದೇ ಏರಿನಲ್ಲಿ ಅದೇ ಗೇರಲ್ಲಿ ಹೋಗಿ. ಶಬ್ದ ಕಡಿಮೆಯಾದರೆ ಅದು ಬೆಂಕಿಯ ಶಬ್ದ, ಸ್ವಲ್ಪವೂ ಬದಲಾಗದಿದ್ದರೆ ಕಬ್ಬಿಣದ ಶಬ್ದ. ಇದು ಪರೀಕ್ಷೆ ಮಾತ್ರ, ಔಷಧಿ ಅಲ್ಲ. ದುಬಾರಿ ಪೆಟ್ರೋಲ್ ಹಾಕಿ ಶಬ್ದ ಮುಚ್ಚಿಡುವುದು ಅಂದರೆ ಜ್ವರದ ಮಾತ್ರೆ ನುಂಗಿ ಟೈಫಾಯ್ಡ್ ಇಟ್ಟುಕೊಂಡ ಹಾಗೆ. ನಾಕಿಂಗ್ ಹಾಗೇ ಬಿಟ್ಟರೆ ಪಿಸ್ಟನ್ ತೂತಾಗುವವರೆಗೂ ಹೋಗಬಹುದು.

ಈಗ ಬಿಲ್ಲಿಗೆ ಬರೋಣ. ಮೊದಲು ಪ್ಲಗ್ ಬಿಚ್ಚಿ ನೋಡಿದೆ. ಸರಿಯಿದ್ದರೆ ತುದಿ ತೆಳು ಕಂದು, ಬಿಸ್ಕತ್ತಿನ ಬಣ್ಣ. ನನ್ನದು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಬಿಳಿ ಅಂದರೆ ಕಾವು ಜಾಸ್ತಿ. ಪ್ಲಗ್ ನಂಬರೂ ತಪ್ಪಿರಬಹುದು, ಅದನ್ನು ಮ್ಯಾನುವಲ್ ಜೊತೆ ತಾಳೆ ನೋಡಿ. ಒಂದು ಎಚ್ಚರಿಕೆ: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣನೆಯ (ಕಾವನ್ನು ಬೇಗ ಬಿಟ್ಟುಕೊಡುವ) ಪ್ಲಗ್, ಬಾಷ್‌ನಲ್ಲಿ ಇದರ ಉಲ್ಟಾ. ಒಂದು ಕಂಪನಿಯ ನಂಬರ್ ನೋಡಿ ಇನ್ನೊಂದನ್ನು ತಂದರೆ ಎಡವಟ್ಟು. ನನ್ನ ಪ್ಲಗ್ ನಂಬರ್ ಸರಿಯಾಗಿಯೇ ಇತ್ತು. ಹಾಗಾದರೆ ಉಳಿದದ್ದು ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಅಂದರೆ ಕಾರ್ಬುರೇಟರ್ ಕಡೆ.

ಆಗ ಎರಡು ವಿಷಯ ನೆನಪಾಯಿತು. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಸೈಲೆನ್ಸರ್ ಪಟ್ ಪಟ್ ಅನ್ನುತ್ತಿತ್ತು. ಸರ್ವಿಸ್ ದಿನ ಗಾಡಿ ವಾಪಸ್ ತೆಗೆದುಕೊಳ್ಳುವಾಗ ಸ್ಲೋದಲ್ಲಿ ಇಂಜಿನ್ ಸ್ಪೀಡು ತಾನಾಗಿ ಏರುತ್ತಿದೆ ಅಂತ ಹೇಳಿದ್ದಕ್ಕೆ ಹುಡುಗ ಸ್ಕ್ರೂ ತಿರುಗಿಸಿ ಇಳಿಸಿದ್ದ. ಯಾಕೆ ಏರಿತು ಅಂತ ಯಾರೂ ನೋಡಿರಲಿಲ್ಲ. ಎಲ್ಲಿಂದಲೋ ಗಾಳಿ ಕದ್ದು ನುಗ್ಗುತ್ತಿತ್ತು.

ಅದನ್ನು ಹಿಡಿಯುವ ವಿಧಾನ ಇದು. ಹೂವಿನ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ ತೆಗೆದುಕೊಳ್ಳಿ. ಬರೀ ನೀರು. ಕೆಲವರು ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ, ಅದು ಬಿಸಿ ಇಂಜಿನ್ ಮೇಲೆ ಬೆಂಕಿ ಹಿಡಿಯುವ ಸಾಮಾನು, ಬೇಡ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಐದು ನಿಮಿಷ ಇಂಜಿನ್ ಓಡಿಸಿ, ಸ್ಲೋದಲ್ಲಿ ಬಿಡಿ. ಕಾರ್ಬುರೇಟರ್ ಮತ್ತು ಇಂಜಿನ್ ನಡುವೆ ಒಂದು ರಬ್ಬರ್ ಇದೆ, ಅದರ ಅಂಚಿಗೆ ಸ್ವಲ್ಪ ಸ್ವಲ್ಪವೇ ನೀರು ಹೊಡೆಯಿರಿ. ಪ್ಲಗ್ ಕ್ಯಾಪಿಗೆ ಬೀಳದಿರಲಿ. ನನ್ನದರಲ್ಲಿ ಮೇಲೆ ಹೊಡೆದಾಗ ಏನೂ ಆಗಲಿಲ್ಲ. ಬಾಟಲಿ ಓರೆ ಮಾಡಿ, ರಬ್ಬರನ್ನು ಬಿಗಿಯುವ ಪಟ್ಟಿ, ಅಂದರೆ ಕ್ಲಾಂಪಿನ ಅಡಿಗೆ ಹೊಡೆದೆ. ಇಂಜಿನ್ ಉಸಿರು ಸಿಕ್ಕಿಕೊಂಡ ಹಾಗೆ ಕುಗ್ಗಿ, ಮತ್ತೆ ಎದ್ದಿತು. ಇನ್ನೊಮ್ಮೆ ಹೊಡೆದೆ, ಅದೇ. ಬೆರಳಿಟ್ಟರೆ ಕ್ಲಾಂಪ್ ಸುಮ್ನೆ ತಿರುಗುತ್ತಿತ್ತು. ಕಾರ್ಬುರೇಟರ್ ತೊಳೆದು ವಾಪಸ್ ಕೂರಿಸಿದವನು ಅದನ್ನು ಟೈಟ್ ಮಾಡುವುದೇ ಮರೆತಿದ್ದ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ ರಬ್ಬರ್ ಪೂರ್ತಿ ಒಳಗೆ ತಳ್ಳಿ, ಸ್ಕ್ರೂ ಎರಡೂವರೆ ಸುತ್ತು ಬಿಗಿದೆ. ಬಿಗಿಯುವ ಮುಂಚೆ ರಬ್ಬರನ್ನು ಬಗ್ಗಿಸಿ ಬಿರುಕು ಇದೆಯಾ ನೋಡಿ, ಹಳೇ ಗಾಡಿಯಲ್ಲಿ ಅದೂ ಇರುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುವುದರಿಂದ ಕಾರ್ಬುರೇಟರ್ ಗಾಡಿಗಳಲ್ಲಿ ಮಿಶ್ರಣ ಮೊದಲೇ ಸ್ವಲ್ಪ ತೆಳು, ಅಂದರೆ ಗಾಳಿಯ ಪಾಲು ಜಾಸ್ತಿ. ಅದರ ಮೇಲೆ ಇಂಥ ಸೋರಿಕೆ ಸೇರಿದರೆ ಮುಗಿಯಿತು.

ನಿಮ್ಮದು ಟಿಕ್ ಟಿಕ್ ಜಾತಿಯ ಶಬ್ದವಾದರೆ ಟ್ಯಾಪೆಟ್ ನೋಡಿಸಿ. ನನ್ನ ಗಾಡಿಗೆ ಇನ್‌ಲೆಟ್ 0.05 ಮಿಲಿಮೀಟರ್, ಎಕ್ಸಾಸ್ಟ್ 0.10. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್‌ನಲ್ಲೇ, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ಇಟ್ಟೇ ಅಳೆಯಬೇಕು. ಈಗ ತಾನೇ ಓಡಿಸಿಕೊಂಡು ಬಂದ ಗಾಡಿಗೆ ಬೆರಳಲ್ಲಿ ಅಲ್ಲಾಡಿಸಿ ಸೆಟ್ ಮಾಡಿದರೆ ಅಳತೆ ತಪ್ಪುತ್ತದೆ. ಶಬ್ದವೇ ಬರದ ಹಾಗೆ ಬಿಗಿ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ. ಬಿಗಿ ಜಾಸ್ತಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಸಣ್ಣ ಟಿಕ್ ಟಿಕ್ ಇದ್ದರೆ ನನಗೆ ಸಮಾಧಾನ. ಯುಸಿಇ ಇಂಜಿನ್ (ಇಂಜಿನ್, ಗೇರ್‌ಬಾಕ್ಸ್ ಒಂದೇ ಪೆಟ್ಟಿಗೆಯಲ್ಲಿ ಇರುವುದು) ಬುಲೆಟ್ ಇರುವವರ ಬಿಲ್ಲಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಅಂತ ಇದ್ದರೆ ಎಲ್ಲಿ ಸೆಟ್ ಮಾಡಿದಿರಿ ಅಂತ ವಿಚಾರಿಸಿ. ಅದರಲ್ಲಿರುವುದು ಹೈಡ್ರಾಲಿಕ್, ಆಯಿಲ್ ಒತ್ತಡದಿಂದ ತಾನೇ ಸರಿಹೊಂದುತ್ತದೆ, ಸೆಟ್ ಮಾಡಲು ಏನೂ ಇಲ್ಲ.

ಆಯಿಲ್ ನೋಡಲು ಪಲ್ಸರಿನಲ್ಲಿ ಬಲಗಡೆ ಗಾಜಿನ ಕಿಟಕಿ ಇದೆ. ಸಮ ನೆಲದಲ್ಲಿ ಗಾಡಿ ನೆಟ್ಟಗೆ ನಿಲ್ಲಿಸಿ, ಇಂಜಿನ್ ಆಫ್ ಆಗಿ ಒಂದೆರಡು ನಿಮಿಷದ ಮೇಲೆ ನೋಡಿ. ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಅನ್ನುವ ನಂಬರ್, ನನ್ನದಕ್ಕೆ 20ಡಬ್ಲ್ಯು50. ತೆಳು ಆಯಿಲ್ ಹಾಕಿದ್ದರೆ ಎಲ್ಲ ಶಬ್ದವೂ ಒಂದು ಕೈ ಮೇಲೆ ಕೇಳಿಸುತ್ತೆ. ಖಾಲಿ ಡಬ್ಬಿ ಕೇಳಿ ತೆಗೆದುಕೊಳ್ಳುವುದು ನನ್ನ ಅಭ್ಯಾಸ, ಗ್ಯಾರೇಜಿನವರಿಗೆ ಇಷ್ಟ ಆಗುವುದಿಲ್ಲ, ಇರಲಿ.

ಇಂಜಿನ್ನಿಗೆ ಸಂಬಂಧವೇ ಇಲ್ಲದ ಶಬ್ದಗಳೂ ಇವೆ. ಟ್ಯಾಂಕ್ ಬೋಲ್ಟ್, ಲೆಗ್ ಗಾರ್ಡ್, ಸೈಲೆನ್ಸರ್ ಮೇಲಿನ ತಗಡು, ಇವನ್ನೆಲ್ಲ ಕೈಯಲ್ಲಿ ಒತ್ತಿ ಹಿಡಿದು ಶಬ್ದ ನಿಲ್ಲುತ್ತಾ ನೋಡಿ. ಚೈನ್ ತುಂಬಾ ಬಿಗಿಯಾಗಿದ್ದರೆ ಕ್ಲಚ್ ಹಿಡಿದು ಉರುಳಿಸಿದಾಗಲೂ ಶಬ್ದ ಬರುತ್ತದೆ.

ಕ್ಲಾಂಪ್ ಬಿಗಿದ ಮರುದಿನ ಹೆಬ್ರಿಗೆ ಹೋಗುವುದಿತ್ತು. ವಾಪಸ್ ಬರುವಾಗ ಅದೇ ಮೂರನೇ ತಿರುವು, ಅದೇ ಗೇರು. ಬೇಕಂತಲೇ ಎಕ್ಸಲೇಟರ್ ಕೊಟ್ಟೆ. ಗಾಡಿ ಗುರ್ ಅಂತ ಎಳೆಯಿತು, ಅಷ್ಟೇ. ಮನೆಗೆ ಬಂದು ಹೆಂಡತಿಯ ಕೆಂಪು ನೇಲ್ ಪಾಲಿಶ್ ತಗೊಂಡು ಕ್ಲಾಂಪಿನ ಸ್ಕ್ರೂ ತಲೆಯಿಂದ ಪಟ್ಟಿಯ ಮೇಲೆ ಬರುವ ಹಾಗೆ ಒಂದು ಗೆರೆ ಎಳೆದೆ. ಈಗ ಪ್ರತಿ ಸರ್ವಿಸ್ ಆದ ಮೇಲೆ ಗ್ಯಾರೇಜಿನ ಬಾಗಿಲಲ್ಲೇ ಬಗ್ಗಿ ನೋಡುತ್ತೇನೆ. ಗೆರೆ ಕೂಡಿಲ್ಲ ಅಂದರೆ ದುಡ್ಡು ಕೊಡುವ ಮುಂಚೆ ಸ್ಕ್ರೂ ಡ್ರೈವರ್ ಕೇಳುತ್ತೇನೆ.