ಉಸಿರಾಟ ಚಿಕಿತ್ಸೆಯ ವೃತ್ತಿಗೆ ತಯಾರಾಗುವ ಬಗೆ

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ರೆಸ್ಪಿರೇಟರಿ ಥೆರಪಿಸ್ಟ್ (ಉಸಿರಾಟ ಚಿಕಿತ್ಸಕ) ಆಗಬಹುದು. ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ ವಿಷಯದ ಬಿ.ಎಸ್ಸಿ. ಪದವಿಯದು. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಸೇರುವ ಮುನ್ನ, ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಬಳಸಿ ಕಲಿಯಲು ಅವಕಾಶ ಸಿಗುತ್ತದೆಯೇ ಎಂದು ಆ ಕಾಲೇಜಿನ ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಿ. ಕಟ್ಟಡದ ಅಂದ ನೋಡಿ ಸೀಟು ಹಿಡಿಯಬೇಡಿ.

ಹೆಚ್ಚಿನವರು ಎಡವುವುದು ಅಪಧಮನಿಯ ರಕ್ತದ ಅನಿಲ ಪರೀಕ್ಷೆಯ ವರದಿ ಓದುವಲ್ಲಿ. ಮೊದಲು ರಕ್ತದ ಆಮ್ಲೀಯತೆ ತೋರಿಸುವ ಪಿಎಚ್ 7.35ರಿಂದ 7.45ರೊಳಗಿದೆಯೇ ಎಂದು ನೋಡಿ, ಬಳಿಕ ಇಂಗಾಲದ ಡೈಆಕ್ಸೈಡ್ ಒತ್ತಡ 35ರಿಂದ 45 ಮಿ.ಮೀ. ಪಾದರಸದ ನಡುವೆ ಇದೆಯೇ ಎಂದು ಗಮನಿಸಿ, ಕೊನೆಗೆ ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್‌ಗೆ ಹೋಗುವ ಕ್ರಮವನ್ನು ದಿನವೂ ನಾಲ್ಕಾರು ವರದಿಗಳ ಮೇಲೆ ರೂಢಿಸಿಕೊಳ್ಳಿ.

ರೋಗಿಯ ಮಾತನ್ನೂ ಕಲಿಯಬೇಕು. ಹಳ್ಳಿಯ ಅಜ್ಜಿ ‘ದಮ್ಮು ಕಟ್ತದೆ ಕಣಪ್ಪ’ ಎಂದರೆ, ಇನ್‌ಹೇಲರ್ ಕುಲುಕಿ, ಪೂರ್ತಿ ಉಸಿರು ಬಿಡಿಸಿ, ಒತ್ತುವಾಗಲೇ ನಿಧಾನವಾಗಿ ಎಳೆಸಿ, ಸಾಧ್ಯವಾದಷ್ಟು ಹತ್ತು ಎಣಿಸುವವರೆಗೆ ಹಿಡಿದಿಡುವಂತೆ ಎದುರಿಗೇ ಮಾಡಿ ತೋರಿಸಿ. ನಂತರ ಅವರಿಂದಲೇ ಒಮ್ಮೆ ಮಾಡಿಸಿ ನೋಡಿ.