ಲಾಗರ್ ದೀಪ ಉರಿಯುತ್ತದೆ, ಕಾರು ಮಾತ್ರ ಉತ್ತರಿಸುವುದಿಲ್ಲ: ಹಳೇ ಕಾರಿನ ಓಬಿಡಿ ಸಂಪರ್ಕ ಸರಿಪಡಿಸುವುದು ಹೇಗೆ?

ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಕಾರಿನ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಎಲ್ಲ ಸರಿಯಾಗಿದೆ ಎನ್ನುತ್ತಾರೆ. ಇಂಥ ತಕರಾರಿಗೆ ಡೇಟಾ ಲಾಗರ್ ಒಳ್ಳೆಯ ಉಪಾಯ. ಸ್ಟೀರಿಂಗ್ ಕೆಳಗಿನ ಓಬಿಡಿ (ಕಾರಿನ ದೋಷ ಪತ್ತೆ ವ್ಯವಸ್ಥೆ) ಸಾಕೆಟ್ಟಿಗೆ ಅದನ್ನು ಸಿಕ್ಕಿಸಿಕೊಂಡು ಕುಮಟಾದಿಂದ ಹೊರಟರೆ, ಶಿರಸಿ ಮುಟ್ಟುವಷ್ಟರಲ್ಲಿ ಎಂಜಿನ್ ಎಲ್ಲಿ ಎಷ್ಟು ಕಾದಿತ್ತು, ಆಗ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬ ಲೆಕ್ಕ ಫೋನಿನಲ್ಲಿರುತ್ತದೆ.

ಆದರೆ ಹತ್ತು-ಹದಿನೈದು ವರ್ಷದ ಕಾರಿಗೆ ಸಿಕ್ಕಿಸಿದ ಕೂಡಲೇ ಲಾಗರ್ ಕೆಲಸ ಮಾಡಿದರೆ ನಿಮ್ಮ ಪುಣ್ಯ. ದೀಪವೇನೋ ಉರಿಯುತ್ತದೆ, ಸ್ಕ್ರೀನಿನಲ್ಲಿ ‘ಅನೇಬಲ್ ಟು ಕನೆಕ್ಟ್’ ಎಂದು ಬರುತ್ತದೆ. ಲಾಗರ್ರೇ ಹಾಳಾಗಿದೆ ಎಂದುಕೊಂಡು ಬಹಳ ಜನ ಇನ್ನೊಂದನ್ನು ತರಿಸುತ್ತಾರೆ. ಆ ದುಡ್ಡಿನಲ್ಲಿ ಮೊದಲು ಒಂದು ಸಾದಾ ಮಲ್ಟಿಮೀಟರ್ ತನ್ನಿ. ಉಪ್ಪುಗಾಳಿಯಲ್ಲಿ ಓಡಾಡಿದ ಕಾರಿನಲ್ಲಿ ನಾನಂತೂ ಲಾಗರ್‌ಗಿಂತ ಮೊದಲು ಸಾಕೆಟ್ಟನ್ನೂ ಅರ್ಥಿಂಗನ್ನೂ ಅನುಮಾನಿಸುತ್ತೇನೆ.

ನಿಮ್ಮ ಕಾರು ಯಾವ ಕಾಲದ್ದು?

16 ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಲಾಗರ್ ನಡೆಯುತ್ತದೆ ಎಂದಲ್ಲ. ನಮ್ಮಲ್ಲಿ ಬಿಎಸ್-4 (ಹೊಗೆ ಮಿತಿಯ ಭಾರತ್ ಸ್ಟೇಜ್ ನಿಯಮ) ಕಾರುಗಳಿಗೆ ಓಬಿಡಿ-1 ಕಡ್ಡಾಯವಾದದ್ದು 2010ರ ಏಪ್ರಿಲ್‌ನಿಂದ, ಓಬಿಡಿ-2 ಆದದ್ದು 2013ರ ಏಪ್ರಿಲ್‌ನಿಂದ. ಬಿಎಸ್-4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕೆಎ-30 (ಕಾರವಾರ), ಕೆಎ-31 (ಶಿರಸಿ) ನಂಬರಿನ ಕಾರು ಬಿಎಸ್-3 ಆಗಿರುವ ಸಾಧ್ಯತೆ ಇದ್ದೇ ಇದೆ. ಹೊಗೆ ತಪಾಸಣೆಯ ಪತ್ರದಲ್ಲಿ ಇದು ನಮೂದಾಗಿರುತ್ತದೆ, ನೋಡಿಕೊಳ್ಳಿ. ಬಿಎಸ್-3 ಕಾರುಗಳಲ್ಲಿ ಸಾಕೆಟ್ಟಿನ ಆಕಾರ ಅದೇ ಇದ್ದರೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನ್ನ ಕಂಪನಿಯ ಪ್ರೋಟೊಕಾಲ್‌ಗೆ, ಅಂದರೆ ಮಾತಿನ ಪದ್ಧತಿಗೆ ಮಾತ್ರ ಉತ್ತರ ಕೊಡುವುದುಂಟು. ಆಗ ಆ ಕಂಪನಿಯ ಕಾರುಗಳಿಗೆಂದೇ ಇರುವ ಸ್ಕ್ಯಾನರ್ ಬೇಕು, ಅಗ್ಗದ ಬ್ಲೂಟೂತ್ ಲಾಗರ್‌ನಿಂದ ಆಗುವ ಕೆಲಸವಲ್ಲ.

ಈಗ ಟಾರ್ಚ್ ಹಿಡಿದು ಸಾಕೆಟ್ಟಿನೊಳಗೆ ನೋಡಿ. ಅಗಲದ ಬದಿ ಮೇಲಿದ್ದರೆ ಮೇಲಿನ ಸಾಲು ಎಡದಿಂದ ಬಲಕ್ಕೆ 1ರಿಂದ 8, ಕೆಳಗಿನದು 9ರಿಂದ 16. ಕೆಲವು ಕಾರುಗಳಲ್ಲಿ ಸಾಕೆಟ್ಟನ್ನೇ ತಲೆಕೆಳಗಾಗಿ ಕೂರಿಸಿರುತ್ತಾರೆ, ಆದ್ದರಿಂದ ಅಗಲದ ಬದಿ ಎಲ್ಲಿದೆ ಎಂದು ಮೊದಲು ಗುರುತಿಸಿ. ಎಲ್ಲ ತೂತುಗಳಲ್ಲೂ ಲೋಹ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. 7ರಲ್ಲಿ ಲೋಹವಿದ್ದು 6 ಮತ್ತು 14 ಖಾಲಿಯಿದ್ದರೆ ನಿಮ್ಮದು ಕೆ-ಲೈನ್ ಕಾರು, ಅಂದರೆ ಇಸಿಯು ಜತೆ ಮಾತು ಒಂದೇ ತಂತಿಯಲ್ಲಿ. 6 ಮತ್ತು 14 ಎರಡರಲ್ಲೂ ಇದ್ದರೆ ಬಹುತೇಕ ಕ್ಯಾನ್, ಎರಡು ತಂತಿಯ ಹೊಸ ಪದ್ಧತಿ.

ಕರೆಂಟು ಬರುತ್ತಿದೆಯೇ?

16ನೇ ಪಿನ್ ಬ್ಯಾಟರಿಯ ಪ್ಲಸ್. ಅದು ಸಾಮಾನ್ಯವಾಗಿ ಚಾವಿ ತೆಗೆದ ಮೇಲೂ ಜೀವಂತ. ಲಾಗರ್ ದೀಪ ಉರಿಯುವುದು ಇದರಿಂದಲೇ, ಆ ದೀಪಕ್ಕೂ ಇಸಿಯು ಜತೆಗಿನ ಮಾತುಕತೆಗೂ ಸಂಬಂಧವಿಲ್ಲ. ಚಾವಿಯನ್ನು ಆನ್‌ಗೆ ತಿರುಗಿಸಿ, ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಬಂದ ಮೇಲೆಯೇ ಕನೆಕ್ಟ್ ಮಾಡಿ.

ದೀಪವೇ ಉರಿಯದಿದ್ದರೆ ಫ್ಯೂಸ್ ಬಾಕ್ಸ್ ನೋಡಿ. ಎಷ್ಟೋ ಕಾರುಗಳಲ್ಲಿ ಈ ಸಾಕೆಟ್ಟಿಗೂ ಸಿಗರೇಟ್ ಲೈಟರಿಗೂ ಅಥವಾ ಒಳಗಿನ ರೂಫ್ ಲೈಟಿಗೂ ಒಂದೇ ಫ್ಯೂಸ್. ಲೈಟರ್ ಜಾಗದಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸಿ ಫ್ಯೂಸ್ ಸುಟ್ಟಿದ್ದರೆ ಇದೂ ಸತ್ತಿರುತ್ತದೆ.

ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು 16 ಮತ್ತು 4ರ ನಡುವೆ ಅಳೆಯಿರಿ. ಎಂಜಿನ್ ಬಂದ್ ಇದ್ದಾಗ ಸುಮಾರು 12.5, ಚಾಲೂ ಇದ್ದಾಗ 14ರ ಆಸುಪಾಸು ಬರಬೇಕು. ಮೀಟರಿನ ದಪ್ಪ ಮೊನೆಯನ್ನು ತೂತಿನೊಳಗೆ ಒತ್ತಿ ತುರುಕಬೇಡಿ. ಒಳಗಿನ ಲೋಹದ ಎಸಳು ಅಗಲವಾಗಿ, ಆಮೇಲೆ ಲಾಗರ್ ಪಿನ್ನು ಅಲ್ಲಿ ಬಿಗಿಯಾಗಿ ಕೂರುವುದೇ ಇಲ್ಲ. ಹೊಂಡ ಬಂದಾಗಲೆಲ್ಲ ಸಂಪರ್ಕ ಕಡಿಯುವ ಕಾರುಗಳಲ್ಲಿ ಇದೂ ಒಂದು ಕಾರಣ. ಮೊನೆಯನ್ನು ತೂತಿನ ಬಾಯಿಗೆ ತಾಗಿಸಿದರೆ ಸಾಕು.

ಅರ್ಥಿಂಗ್ ಮತ್ತು ಕಿಲುಬು

4ನೇ ಪಿನ್ ಬಾಡಿ ಅರ್ಥ್, 5ನೇದು ಸಿಗ್ನಲ್ ಅರ್ಥ್. ಇಲ್ಲಿ ವೋಲ್ಟೇಜ್ ಸರಿ ತೋರಿಸಿದರೂ ಮೋಸವಿರಬಹುದು, ಏಕೆಂದರೆ ಮೀಟರ್ ಎಳೆಯುವ ಕರೆಂಟು ಏನೇನೂ ಅಲ್ಲ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, 4ನೇ ಪಿನ್ನಿನಿಂದ ಬ್ಯಾಟರಿಯ ಮೈನಸ್ ಟರ್ಮಿನಲ್‌ವರೆಗೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟಿನತ್ತ ಹೋದರೆ ದಾರಿಯಲ್ಲೆಲ್ಲೋ ತುಕ್ಕು ಕೂತಿದೆ.

ಅದು ಎಲ್ಲಿ ಕೂರುತ್ತದೆಂದರೆ, ಡ್ಯಾಶ್‌ಬೋರ್ಡಿನ ಕೆಳಗೆ ಅಥವಾ ಬಾಗಿಲಿನ ಪಕ್ಕದ ಪಟ್ಟಿಯೊಳಗೆ ವೈರುಗಳ ಗೊಂಚಲನ್ನು ಬಾಡಿಗೆ ಬಿಗಿದ ಬೋಲ್ಟಿನಲ್ಲಿ. ಕಾರವಾರ, ಅಂಕೋಲಾ ಕಡೆ ಸಮುದ್ರಕ್ಕೆ ಮುಖ ಮಾಡಿ ನಿಲ್ಲುವ ಕಾರುಗಳಲ್ಲಿ ಆ ಬೋಲ್ಟು ಬಿಚ್ಚಿದರೆ ತಾಮ್ರದ ರಿಂಗಿನ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ರಿಂಗನ್ನೂ ಅದು ಕೂರುವ ತಗಡನ್ನೂ ಮರಳುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲಿನಿಂದ ಸ್ವಲ್ಪ ಗ್ರೀಸ್ ಸವರಿ. ಸಾಕೆಟ್ಟಿಗೆ ಮಾತ್ರ ಮರಳುಕಾಗದ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಲಾಗರನ್ನು ನಾಲ್ಕಾರು ಸಲ ಹಾಕಿ ತೆಗೆದು ಮಾಡಿ, ಪೂರ್ತಿ ಆರಿದ ಮೇಲೆ ಬ್ಯಾಟರಿ ಜೋಡಿಸಿ. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಕಡಿಮೆ, ಆದರೆ ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿಗೆ ಇಲಿ ಹೊಕ್ಕಿದೆಯೇ ಎಂದು ಅವರೂ ನೋಡಬೇಕು.

ಸ್ಟೀರಿಯೊ ಮೇಲೆ ಕಣ್ಣಿಡಿ

ಕರೆಂಟು, ಅರ್ಥ್ ಎರಡೂ ಸರಿಯಿದ್ದು ‘ಬಸ್ ಇನಿಟ್ ಎರರ್’ (ಮಾತುಕತೆ ಶುರುವಾಗಲಿಲ್ಲ ಎಂಬ ಸಂದೇಶ) ಬರುತ್ತಿದ್ದರೆ ಕೆ-ಲೈನ್ ತಂತಿಯ ಕಡೆ ತಿರುಗಿ. ಚಾವಿ ತೆಗೆದು, ಮೀಟರನ್ನು ಓಮ್ಸ್‌ಗೆ ಇಟ್ಟು 7 ಮತ್ತು 4ರ ನಡುವೆ ನೋಡಿ. ಸೊನ್ನೆಯ ಹತ್ತಿರ ಬಂದರೆ ಆ ತಂತಿ ಎಲ್ಲೋ ಅರ್ಥಿಗೆ ತಾಗಿದೆ.

ಇದರಲ್ಲಿ ಮೆಕ್ಯಾನಿಕ್‌ಗಳನ್ನೂ ಸುತ್ತಾಡಿಸುವ ಕಳ್ಳ ಒಬ್ಬನಿದ್ದಾನೆ: ಹೊರಗೆ ಹಾಕಿಸಿದ ಸ್ಟೀರಿಯೊ. ಫೋಕ್ಸ್‌ವ್ಯಾಗನ್, ಸ್ಕೋಡಾದ ಹಳೇ ಮಾಡೆಲ್‌ಗಳಲ್ಲಿ ರೇಡಿಯೊ ಕನೆಕ್ಟರಿಗೂ ಕೆ-ಲೈನ್ ಬರುತ್ತದೆ. ಹೊಸ ಸ್ಟೀರಿಯೊದಲ್ಲಿ ಅದೇ ಜಾಗದ ತಂತಿಗೆ ಬೇರೆ ಕೆಲಸವಿರುವುದರಿಂದ ಕೆ-ಲೈನ್ ಪೂರ್ತಿ ಕೆಡುತ್ತದೆ. ಹಾಡು ಚೆನ್ನಾಗಿಯೇ ಕೇಳುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಫ್ಯೂಸ್ ತೆಗೆದರೆ ಸಾಲದು, ಸ್ಟೀರಿಯೊ ಹಿಂದಿನ ಕನೆಕ್ಟರನ್ನೇ ಎಳೆದು ಮತ್ತೆ ಪ್ರಯತ್ನಿಸಿ. ಜಿಪಿಎಸ್ ಟ್ರ್ಯಾಕರ್ ಏನಾದರೂ ಅದೇ ಸಾಕೆಟ್ಟಿನಿಂದ ಕವಲೊಡೆದಿದ್ದರೆ ಅದನ್ನೂ ಬಿಡಿಸಿ. ಒಂದೇ ತಂತಿಯಲ್ಲಿ ಇಬ್ಬರು ಪ್ರಶ್ನೆ ಕೇಳಿದರೆ ಇಸಿಯು ಇಬ್ಬರಿಗೂ ಸರಿಯಾಗಿ ಉತ್ತರಿಸುವುದಿಲ್ಲ.

ಕ್ಯಾನ್ ಕಾರಾದರೆ ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಅಳೆಯಿರಿ. 60 ಓಮ್ಸ್ ಸರಿ, 120 ಬಂದರೆ ತಂತಿಯ ಒಂದು ತುದಿಯ ರೆಸಿಸ್ಟರಿನ ಸಂಪರ್ಕ ಕಡಿದಿದೆ ಎಂದರ್ಥ.

ಫೋನಿನ ಕಡೆ

ಬ್ಲೂಟೂತ್ ಲಾಗರಿಗೆ ಸಾಮಾನ್ಯವಾಗಿ 1234 ಅಥವಾ 0000 ಪಾಸ್‌ವರ್ಡ್. ಹಳೇ ಬಗೆಯ ಬ್ಲೂಟೂತ್ ಲಾಗರ್ ಐಫೋನಿಗೆ ಕೂಡುವುದಿಲ್ಲ, ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್) ಇರುವುದೇ ಬೇಕು. ವೈಫೈ ಇದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನು ತಾನಾಗಿ ಅದನ್ನು ಬಿಟ್ಟು ಡೇಟಾಕ್ಕೆ ಜಿಗಿಯುತ್ತದೆ.

ಆ್ಯಪ್‌ನಲ್ಲಿ ಪ್ರೋಟೊಕಾಲನ್ನು ಆಟೊ ಎಂದು ಬಿಡುವ ಬದಲು ನೀವೇ ಆರಿಸಿ: ಕೆ-ಲೈನ್ ಕಾರಿಗೆ ಕೆಡಬ್ಲ್ಯುಪಿ ಫಾಸ್ಟ್, ಅದಾಗದಿದ್ದರೆ ಕೆಡಬ್ಲ್ಯುಪಿ 5 ಬಾಡ್, ಕೊನೆಗೆ ಐಎಸ್‌ಒ 9141. 5 ಬಾಡ್ ಎಂದರೆ ಸೆಕೆಂಡಿಗೆ ಐದೇ ಬಿಟ್. ಎಬ್ಬಿಸುವ ಒಂದು ಸಂಕೇತ ಹೋಗುವುದಕ್ಕೇ ಎರಡು ಸೆಕೆಂಡು ಹಿಡಿಯುತ್ತದೆ, ತಾಳ್ಮೆ ಇರಲಿ. ಲಾಗರಿನೊಳಗೆ ಇರುವ ಅಗ್ಗದ ನಕಲಿ ಇಎಲ್‌ಎಂ327 ಚಿಪ್ಪುಗಳಲ್ಲಿ ಕೆಲವಕ್ಕೆ ಈ ಹಳೇ ಪ್ರೋಟೊಕಾಲ್‌ಗಳು ಬರುವುದೇ ಇಲ್ಲ. ಲಾಗರ್ ಬದಲಿಸುವ ಮಾತು ಬರುವುದು ಈ ಹಂತದಲ್ಲಿ, ಅದೂ ಅದೇ ಲಾಗರ್ ಹೊಸ ಕಾರಿನಲ್ಲಿ ಸರಿಯಾಗಿ ನಡೆದರೆ.

ಸಂಪರ್ಕ ಸಿಕ್ಕ ಮೇಲೆ ಇಪ್ಪತ್ತು ಸಂಗತಿ ಒಟ್ಟಿಗೆ ದಾಖಲಿಸುವ ಆಸೆ ಬೇಡ. ಕೆ-ಲೈನ್ ನಿಧಾನ, ಸೆಕೆಂಡಿಗೆ ಸಿಗುವುದು ಕೆಲವೇ ಉತ್ತರ. ಘಟ್ಟದ ತಕರಾರಿಗೆ ಉಷ್ಣತೆ, ಆರ್‌ಪಿಎಂ, ವೇಗ ಮೂರೇ ಸಾಕು. ಕಾರವಾರದ ಬಿಸಿಲಲ್ಲಿ ಕೂಲೆಂಟ್ −40 ಡಿಗ್ರಿ ಎಂದು ತೋರಿಸಿದರೆ ಲಾಗರನ್ನು ಬೈಯಬೇಡಿ. ಸೆನ್ಸರಿನ ತಂತಿ ಕಡಿದಾಗ ಎಷ್ಟೋ ಇಸಿಯುಗಳು ಕೊಡುವ ಉತ್ತರವೇ ಅದು.

ಪ್ರಯಾಣ ಮುಗಿದ ಮೇಲೆ ಲಾಗರ್ ಕಿತ್ತಿಡಿ. 40 ಮಿಲಿಆಂಪ್ ಎಳೆಯುವ ಲಾಗರ್ ದಿನಕ್ಕೆ ಸುಮಾರು ಒಂದು ಆಂಪ್‌ಅವರ್ ತಿನ್ನುತ್ತದೆ. ಸಣ್ಣ ಕಾರಿನ ಬ್ಯಾಟರಿ 35 ಆಂಪ್‌ಅವರಿನದು. ಮಗ ಬೆಂಗಳೂರಿನಲ್ಲಿದ್ದು, ಚೌತಿಗೊಮ್ಮೆ ದೀಪಾವಳಿಗೊಮ್ಮೆ ಮಾತ್ರ ಊರಲ್ಲಿ ಕಾರು ತೆಗೆಯುವ ಮನೆಗಳಲ್ಲಿ ಅದನ್ನು ಹಾಗೇ ಬಿಟ್ಟರೆ, ಮುಂದಿನ ಸಲ ಮೊದಲು ಹುಡುಕಬೇಕಾದದ್ದು ಜಂಪರ್ ಕೇಬಲ್.