ಸವೆದ ಬ್ಯಾರೆಲ್ ಮೇಲೆ 1855ರ ತಾರೀಖು ಓದಿದ್ದು

"ಆ ಬ್ಯಾರೆಲ್ ಮೇಲೆ ಏನೂ ಉಳಿದಿಲ್ಲ" ಅಂತ ನಾಲ್ಕು ಜನ ಹೇಳಿದ್ದರು. ನಾಲ್ವರೂ ನನಗಿಂತ ಜಾಸ್ತಿ ರಿವಾಲ್ವರ್ ಕಂಡವರು. ಆದರೂ ಕಳೆದ ಚಳಿಗಾಲದಲ್ಲಿ ಅದೇ ಬ್ಯಾರೆಲ್ ಮೇಲೆ, ಅಂದರೆ ರಿವಾಲ್ವರಿನ ನಳಿಕೆ ಮೇಲೆ, ಬಂದೂಕು ಕಂಪನಿ ಸ್ಮಿತ್ ಆ್ಯಂಡ್ ವೆಸನ್ ಹೆಸರು ಓದಿದೆ.

ನಾನಿರುವುದು ಮ್ಯಾಸಚೂಸೆಟ್ಸ್‌ನ ವುಸ್ಟರ್ ಹತ್ತಿರ. ಹನ್ನೆರಡು ವರ್ಷದಿಂದ ಹಳೇ ಜೇಬು ರಿವಾಲ್ವರ್ ಕೂಡಿಡುತ್ತಿದ್ದೇನೆ. ಒಂದನ್ನೂ ಹಾರಿಸುವುದಿಲ್ಲ. ನನಗೆ ಬೇಕಾದ್ದು ಅವುಗಳ ಮೇಲಿನ ಬರಹ.

ಈ ರಿವಾಲ್ವರ್ ಜೇಬಿಗೆ ಸ್ವಲ್ಪ ದೊಡ್ಡದೇ. ಆರು ಗುಂಡಿನದು, ಗುಂಡಿನ ಅಳತೆ .32, ಎಂಟು ಮೂಲೆಯ ಬ್ಯಾರೆಲ್. ಸುಮಾರು 210 ಡಾಲರ್ ಕೊಟ್ಟೆ. ಮಾರಿದವರಿಗೆ ಅದು ಹೆಸರಿಲ್ಲದ ಮಾಲು. ಬ್ಯಾರೆಲ್ ಮೇಲಕ್ಕೆ ಮಡಚಿಕೊಳ್ಳುವ ರೀತಿ ನೋಡಿ, ನಮ್ಮೂರು ವುಸ್ಟರ್‌ನ ಲೂಷಿಯಸ್ ಪಾಂಡ್ ಮಾಡಿದ್ದಿರಬೇಕು ಅನ್ನಿಸಿತ್ತು.

ಪಾಂಡ್ ಆದರೆ ಒಂದು ಸಾಲು ಇರಲೇಬೇಕು ಅನ್ನುವುದು ನನ್ನ ಹಟ. ಗುಂಡು ಕೂರುವ, ತಿರುಗುವ ಸಿಲಿಂಡರನ್ನು ತೋಟಾ ಹಿಂದಿನಿಂದ ತುಂಬುವಂತೆ ಹಿಂದಿನಿಂದ ಮುಂದಿನವರೆಗೆ ಕೊರೆಯುವ ಪೇಟೆಂಟ್ ರೋಲಿನ್ ವೈಟ್ ಎಂಬಾತನದು, 1855ರ ಏಪ್ರಿಲ್ 3ರದ್ದು. ಸ್ಮಿತ್ ಆ್ಯಂಡ್ ವೆಸನ್ ಒಂದೊಂದು ರಿವಾಲ್ವರಿಗೆ 25 ಸೆಂಟ್ ಕೊಟ್ಟು ಆ ಹಕ್ಕನ್ನು ತಮ್ಮದು ಮಾಡಿಕೊಂಡರು. ಕೋರ್ಟಿನಲ್ಲಿ ಕಾಪಾಡುವ ಹೊಣೆ ಮಾತ್ರ ವೈಟ್‌ನ ತಲೆಗೆ. ಆ ಹಕ್ಕು ಮೀರಿ ಕೇಸಿನಲ್ಲಿ ಸಿಕ್ಕಿಬಿದ್ದ ಪಾಂಡ್, ಮೂರ್, ವಾರ್ನರ್‌ರಂಥ ತಯಾರಕರು ತಮ್ಮ ಮಾಲಿನ ಮೇಲೆ "ಸ್ಮಿತ್ ಆ್ಯಂಡ್ ವೆಸನ್‌ಗಾಗಿ ತಯಾರಿಸಿದ್ದು" ಅಂತ, ಪೇಟೆಂಟ್ ತಾರೀಖಿನ ಸಮೇತ ಅಚ್ಚು ಒತ್ತಬೇಕಾಯಿತು. ಪಾಂಡ್‌ನವೇ ಸುಮಾರು 4,500 ಇರಬೇಕು. ಸೋತವನ ಕೈಯಿಂದಲೇ ಗೆದ್ದವನ ಹೆಸರು ಒತ್ತಿಸಿದ ಸಾಲು ಅದು. ಅದಕ್ಕೇ ನನಗೆ ಅಷ್ಟು ಆಸೆ.

ಮೊದಲು ಕಳೆದುಕೊಂಡ ಕತೆ ಹೇಳುತ್ತೇನೆ. ಐದಾರು ವರ್ಷದ ಹಿಂದೆ ಇನ್ನೊಂದು ರಿವಾಲ್ವರನ್ನು ಸ್ಟೀಲ್ ವುಲ್ ಹಾಕಿ ಉಜ್ಜಿದೆ. ತುಕ್ಕು ಹೋಯಿತು, ತಾರೀಖೂ ಹೋಯಿತು. 300 ಡಾಲರಿನದು 140ಕ್ಕೆ ಹೋಯಿತು. ಆ ಹೊಟ್ಟೆಯುರಿ ಇನ್ನೂ ಇದೆ. ಹಾಗಾಗಿ ಈ ಸಲ ಉಜ್ಜುವ ಮಾತೇ ಇಲ್ಲ, ಬರೀ ಎಣ್ಣೆ ಮತ್ತು ಹತ್ತಿ ಬಟ್ಟೆ.

ಚಿಕ್ಕವನಿದ್ದಾಗ ಊರಿನ ಶಾಸನಕ್ಕೆ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೆ. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕಣ್ಣಿಗೆ ಕಾಣದ ಅಕ್ಷರ ಕಾಗದದಲ್ಲಿ ಏಳುತ್ತದೆ. ಅದನ್ನೇ ಮಾಡಿದೆ. ಅಕ್ಷರ ಎಳ್ಳುಕಾಳಿನಷ್ಟು, ಕಾಗದ ಹರಿಯಿತು. ನೀರು ತಾಗಿ ಹೊಸ ತುಕ್ಕಿನ ಚುಕ್ಕೆ ಬೇರೆ. ಆಮೇಲೆ ಹಲ್ಲಿನ ಡಾಕ್ಟರ್ ಗೆಳೆಯರೊಬ್ಬರು ಹಲ್ಲಿನ ಅಚ್ಚಿಗೆ ಬಳಸುವ ಆಲ್ಜಿನೇಟ್ ಕೊಟ್ಟರು. ಅದರಲ್ಲೂ ನೀರು. ಒಣಗಿ ಕುಗ್ಗಿತು. ಕೊನೆಗೆ ಅವರದೇ ಕ್ಲಿನಿಕ್ಕಿನ ಸಿಲಿಕೋನ್ ಪೇಸ್ಟ್ ಹಿಡಿಯಿತು. ತೆಳ್ಳಗಿನದು ಮೊದಲು, ಗಟ್ಟಿಯದು ಮೇಲೆ. ಮೊದಲ ಮೂರು ಅಚ್ಚು ತುಕ್ಕಿನ ಗುಳಿಯಲ್ಲಿ ಸಿಕ್ಕಿ ಹರಿದವು. ಪೇಸ್ಟಿಗೇ 90 ಡಾಲರ್ ಹತ್ತಿರ ಹೋಯಿತು.

ಕೆಲಸ ಆಗಿದ್ದು ಯಾಕೆ ಅಂದರೆ, ಉಕ್ಕು ಹೊಳೆಯುತ್ತದೆ, ಅಚ್ಚು ಹೊಳೆಯುವುದಿಲ್ಲ. ದೀಪ ಆರಿಸಿ, ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ಪಕ್ಕದಿಂದ ಬೆಳಕು ಬಿಟ್ಟೆ. ಟಾರ್ಚ್ ಸುತ್ತಿಸುತ್ತಾ ಮೂವತ್ತು ಫೋಟೋ ತೆಗೆದು ಮೊಬೈಲ್‌ನಲ್ಲಿ ಎಡಬಲ ತಿರುಗಿಸಿದೆ. ಹದಿನೇಳನೆಯದರಲ್ಲೋ ಏನೋ "ವೆಸನ್" ಎದ್ದಿತು. ಆಮೇಲೆ "1855". ರಾತ್ರಿ ಒಂದೂವರೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅಚ್ಚಿನ ಮೇಲೆ ನಾನು ಉದುರಿಸುವ ಪುಡಿ ಯಾವುದು, ಗುಳಿ ತುಂಬಲು ಏನು ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪೇಸ್ಟ್ ಉಳಿದಿತ್ತು, ಸುಮ್ನೆ ಬಿಡಲಿಲ್ಲ. ವೈಟ್‌ನ ಪೇಟೆಂಟ್ ತಪ್ಪಿಸಲು ಮಾಡಿದ ಸಿಲಿಂಡರುಗಳಿಗೂ ಅಚ್ಚು ತೆಗೆದೆ. ಗೆಳೆಯರ ಸ್ಲೋಕಮ್ ರಿವಾಲ್ವರ್ ಒಂದಿತ್ತು. ಅದರ ಗುಂಡಿನ ಕೊಳವೆ ಮುಂದಕ್ಕೆ ಜಾರುತ್ತದೆ, ತೋಟಾ ಪಕ್ಕದಿಂದ ಕೂರುತ್ತದೆ. ಮೂರ್ ಮಾಡಿದ್ದು ಇನ್ನೂ ಜಾಣತನ. ತೋಟಾ ಮುಂದಿನಿಂದ ಹೋಗುತ್ತದೆ. ಅದರ ಬುಡದಲ್ಲಿ ಒಂದು ಸಣ್ಣ ಮೊಲೆ. ಸಿಲಿಂಡರಿನ ಹಿಂದೆ ಅಷ್ಟಕ್ಕೇ ಒಂದು ಪುಟ್ಟ ತೂತು. ಪೂರ್ತಿ ಕೊರೆದಿಲ್ಲ, ಹಾಗಾಗಿ ನಕಲು ಅಲ್ಲ ಅಂತ ವಾದ! ಅಚ್ಚನ್ನು ಕೈಯಲ್ಲಿ ಹಿಡಿದಾಗ ಆ ವಾದ ಎಷ್ಟು ಸಣ್ಣ ತೂತಿನ ಮೇಲೆ ನಿಂತಿತ್ತು ಅಂತ ಅರ್ಥವಾಯಿತು. ಕೇಸು ಸೋತ ಪಾಂಡ್ ಕೂಡ ಮುಂದಿನಿಂದ ತುಂಬುವ ಬಿಡಿ ಕೊಳವೆಗಳ ರಿವಾಲ್ವರ್ ಮಾಡಿದ. ಆ ಕೊಳವೆಗಳೆಲ್ಲ ಇರುವ ಒಂದು ನನಗಿನ್ನೂ ಸಿಕ್ಕಿಲ್ಲ.

ವೈಟ್ ಬಗ್ಗೆ ನನಗೆ ಬೇಸರ ಇದೆ. ಅವನಿಗೆ ಒಟ್ಟು ಬಂದದ್ದು ಸುಮಾರು 71,000 ಡಾಲರ್. ಕೇಸುಗಳು ಅದರಲ್ಲಿ ದೊಡ್ಡ ಪಾಲು ತಿಂದವು. ಪೇಟೆಂಟ್ ಅವಧಿ 1869ರಲ್ಲಿ ಮುಗಿಯಿತು. ಅದನ್ನು ಮುಂದುವರಿಸಲು ದಾರಿ ಮಾಡುವ ಮಸೂದೆಗೆ ಅಧ್ಯಕ್ಷ ಗ್ರಾಂಟ್ 1870ರ ಜನವರಿಯಲ್ಲಿ ಸಹಿ ಹಾಕಲಿಲ್ಲ.

"ಏನೂ ಉಳಿದಿಲ್ಲ" ಎಂದವರಲ್ಲಿ ಒಬ್ಬರು ಅಚ್ಚು ನೋಡಿ 650 ಡಾಲರ್ ಕೊಡುತ್ತೇನೆ ಎಂದರು. ನಾನು ಮಾರಲಿಲ್ಲ. ರಿವಾಲ್ವರ್ ಡಬ್ಬಿಯಲ್ಲೇ ಅಚ್ಚನ್ನೂ ಇಟ್ಟು, ತೆಗೆದ ತಾರೀಖು ಬರೆದಿದ್ದೇನೆ.